ಹನ್ನೊಂದು ಚುಕ್ಕೆಗಳ ದಾರಿ

ಈ ವರ್ಷ ಬೆಟ್ಟ ಹತ್ತಿಯೇ ತೀರುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ತೂಕ ನೋಡುವ ಯಂತ್ರದ ಮೇಲೆ ನಿಂತು! ಮಾಡಿದ್ದು ಸಣ್ಣ ದನಿಯಲ್ಲೂ ಅಲ್ಲ.

"ಒಂದಲ್ಲ, ಎರಡಲ್ಲ, ಸುತ್ತಮುತ್ತಲ ಶಿಖರಗಳನ್ನೆಲ್ಲ ಒಂದೊಂದಾಗಿ ಪಾದಾಕ್ರಾಂತ ಮಾಡಿಕೊಳ್ತೀನಿ!" ಎಂದು ಘೋಷಿಸಿದೆ.

"ಮೊದಲು ಆ ಯಂತ್ರದಿಂದ ಇಳೀರಿ. ಪಾಪ, ಅದರ ಮುಳ್ಳು ಕೊನೇಗೆ ಹೋಗಿ ನಿಂತ್ಕೊಂಡಿದೆ" ಎಂದಳು ಹೆಂಡತಿ.

"ತಮಾಷೆ ಅಲ್ಲ ಕಣೇ."

"ನಾನೂ ತಮಾಷೆ ಮಾಡ್ತಿಲ್ಲ ರೀ. ಲಿಫ್ಟ್ ಕೆಟ್ಟಿದೆ ಅಂತ ಎರಡು ದಿನ ರಜೆ ಹಾಕಿದೋರು ನೀವು. ನಿಮಗೇನು ಗೊತ್ತು ಬೆಟ್ಟ?"

ಎಂಥ ಮಾತು! ಬೆಟ್ಟಗಳ ವಿಷಯ ನನಗೆ ಗೊತ್ತಿರುವಷ್ಟು ಬೆಟ್ಟಗಳಿಗೇ ಗೊತ್ತಿರಲಾರದು. ನಾನು ಕೆಲಸ ಮಾಡುವುದು ನಕ್ಷೆ ಬರೆಯುವ ಕಚೇರಿಯಲ್ಲಿ. ಅಳತೆಯವರು ಬಿಸಿಲಲ್ಲಿ ಅಲೆದು ಗೀಚಿಕೊಂಡು ಬಂದ ಹಾಳೆಗಳನ್ನು ನಾವು ಫ್ಯಾನಿನ ಕೆಳಗೆ ಕೂತು ಅಂದವಾಗಿ ಎಳೆದುಕೊಡುತ್ತೇವೆ. ಒಬ್ಬೊಬ್ಬರಿಗೆ ಒಂದೊಂದು ಶಾಯಿ. ನದಿ, ಕೆರೆ ಬರೆಯುವವನನ್ನು ನೀಲಿ ಎನ್ನುತ್ತೇವೆ. ಕಾಡು ಬರೆಯುವಾಕೆ ಹಸಿರು. ಬೆಟ್ಟದ ಏರಿಳಿತದ ಗೆರೆಗಳನ್ನೂ ಅಲ್ಲಿನ ಕಾಲುದಾರಿಯ ಚುಕ್ಕೆಗಳನ್ನೂ ಹಾಕುವ ನಾನು ಕಂದು. ಅಪ್ಪ ಅಮ್ಮ ಇಟ್ಟ ಹೆಸರುಗಳು ಹಾಜರಿ ಪುಸ್ತಕದಲ್ಲಿ ಮಲಗಿವೆ. ನಾವು ಬರೆದದ್ದನ್ನೆಲ್ಲ ಗುಂಡಗಿನ ಗಾಜು ಹಿಡಿದು ಪರೀಕ್ಷಿಸುವ ನಮ್ಮ ಮುಖ್ಯಸ್ಥರಿಗೆ, ಅವರು ಎದುರಿಗಿಲ್ಲದಾಗ, ಭೂತಗನ್ನಡಿ ಎಂದು ಹೆಸರು.

ಇಪ್ಪತ್ತೆರಡು ವರ್ಷ ನಾನು ಕಂದು ಶಾಯಿ ಕುಡಿದಷ್ಟು ನೀರು ಕುಡಿದಿಲ್ಲ! ಎಷ್ಟೋ ಶಿಖರಗಳ ಮೇಲೆ ಮೊಣಕೈ ಊರಿ ಚಹಾ ಹೀರಿದ್ದೇನೆ. ಆದರೆ ಒಂದರ ಮೇಲೂ ಕಾಲಿಟ್ಟಿರಲಿಲ್ಲ.

"ನೀನು ಬೆಟ್ಟ ಹತ್ತಿದ ದಿನ, ನಾನು ಬರೆದಿರೋ ನದಿಗಳನ್ನೆಲ್ಲ ಈಜಿ ತೋರಿಸ್ತೀನಿ ಕಣಯ್ಯ" ಎಂದು ನೀಲಿ ಇಡೀ ಕೋಣೆಗೆ ಕೇಳುವಂತೆ ಹೇಳಿದ. ಹಸಿರು ಬಾಯಿಗೆ ಸೆರಗು ಹಿಡಿದು ನಕ್ಕಳು. ಅಷ್ಟಾದ ಮೇಲೆ ಹತ್ತದೇ ಇರಲು ನಾನೇನು ಮನುಷ್ಯನಲ್ಲವೇ?

ಒಂದು ಭಾನುವಾರವನ್ನು ಗೊತ್ತುಮಾಡಿದೆ. ದಪ್ಪ ಅಟ್ಟೆಯ ಬೂಟು, ಅಗಲ ಅಂಚಿನ ಟೋಪಿ, ಕೋಲು, ಸೀಟಿ, ನಲವತ್ತು ಅಡಿ ಹಗ್ಗ, ಎಲ್ಲದಕ್ಕೂ ಮಿಗಿಲಾಗಿ ನಮ್ಮದೇ ಕಚೇರಿ ಅಚ್ಚು ಹಾಕಿಸಿದ ನಕ್ಷೆ. ಹೆಂಡತಿ ಹಳೆಯ ಚಪ್ಪಲಿ ಮೆಟ್ಟಿ, ಬುತ್ತಿಯ ಚೀಲ ಹೆಗಲಿಗೇರಿಸಿ ತಾನೂ ಹೊರಟಳು.

"ನೀನ್ಯಾಕೆ?" ಎಂದೆ.

"ಮನೇಲಿ ಕೂತು ಹೆದರೋ ಬದಲು, ಅಲ್ಲೇ ನಿಂತು ಹೆದರ್ತೀನಿ."

ಮೊದಲ ಅರ್ಧ ಗಂಟೆ ನಾನು ಮುಂದೆ, ಅವಳು ಹಿಂದೆ. ಆಮೇಲಿನ ಎರಡು ಗಂಟೆ ಅವಳು ಮುಂದೆ, ನಾನು ಎಲ್ಲೋ! ಪ್ರತಿ ತಿರುವಿನಲ್ಲೂ ಅವಳು ಕಲ್ಲಿನ ಮೇಲೆ ಕೂತು ಕಾಯುತ್ತಿದ್ದಳು. ನಾನು ಏದುಸಿರು ಬಿಡುತ್ತಾ ಬಂದು, "ಸುತ್ತಲಿನ ನೋಟ ನೋಡ್ತಾ ನಿಂತಿದ್ದೆ" ಎನ್ನುತ್ತಿದ್ದೆ. ಅವಳು ದೊಡ್ಡ ಮನಸ್ಸು ಮಾಡಿ ನಂಬುತ್ತಿದ್ದಳು.

ಮುಕ್ಕಾಲು ಬೆಟ್ಟ ಏರಿದ ಮೇಲೆ ದಾರಿ ಕವಲೊಡೆಯಿತು. ಎಡಕ್ಕೆ ಹೋಗುವ ದಾರಿ ಜನ ನಡೆದು ನಡೆದು ಸವೆದಿತ್ತು. ಬಲಕ್ಕೆ ಒಂದಿಷ್ಟು ಹುಲ್ಲು, ಒಂದಿಷ್ಟು ಕಲ್ಲು. ನಕ್ಷೆ ಬಿಡಿಸಿ ನೋಡಿದೆ. ಚುಕ್ಕೆಗಳು ಬಲಕ್ಕೇ ಹೋಗಿದ್ದವು.

"ಜನ ಎಲ್ಲ ಈ ಕಡೆ ಹೋಗಿದಾರಲ್ರೀ" ಎಂದಳು ಹೆಂಡತಿ.

"ಜನ ತಪ್ಪಬಹುದು. ನಕ್ಷೆ ತಪ್ಪೋದುಂಟೇ?"

ಮೇಲಿನ ಬಂಡೆಯ ಹತ್ತಿರ ಒಬ್ಬಾಕೆ ಮೇಕೆ ಮೇಯಿಸುತ್ತಿದ್ದಳು. ನಾವು ಬಲಕ್ಕೆ ತಿರುಗಿದ್ದನ್ನು ನೋಡಿ ಎರಡೂ ಕೈ ಬೀಸಿ ಕೂಗಿದಳು: "ಅಣ್ಣಾ, ಆ ಕಡೆ ಹೋಗ್ಬೇಡಿ!"

"ನಮ್ಮ ಹತ್ರ ನಕ್ಷೆ ಇದೆ!" ಎಂದು ನಾನು ಹೆಮ್ಮೆಯಿಂದ ಎತ್ತಿ ತೋರಿಸಿದೆ.

"ಅದಕ್ಕೇ ಹೇಳ್ತಿರೋದು!" ಎಂದಳು ಆಕೆ.

ಇಂಥ ಮಾತಿಗೆಲ್ಲ ಕಿವಿಗೊಟ್ಟರೆ ವಿದ್ಯೆಗೆ ಏನು ಬೆಲೆ? ಮುನ್ನುಗ್ಗಿದೆ. ಇನ್ನೂರು ಹೆಜ್ಜೆ ಹೋದ ಮೇಲೆ ದಾರಿ ನಿಂತುಹೋಯಿತು. ಎದುರಿಗೆ ಬಂಡೆಯ ಇಳಿಜಾರು. ಅದರಾಚೆ ಗಾಳಿ.

"ದಾರಿ ಇಲ್ಲೇ ಇರಬೇಕು."

"ಇಲ್ವಲ್ಲ."

"ನಕ್ಷೇಲಿದೆ."

"ಬೆಟ್ಟದಲ್ಲಿಲ್ಲ."

"ಹಾಗಾದ್ರೆ ಬೆಟ್ಟವೇ ತಪ್ಪು!" ಎಂದು ನಾನು ಬೂಟುಗಾಲನ್ನು ಮುಂದಿಟ್ಟೆ.

ಆಮೇಲೆ ನಡೆದದ್ದನ್ನು ಹೇಳುವುದಕ್ಕಿಂತ ಬಿದ್ದದ್ದನ್ನು ಹೇಳುವುದೇ ಸರಿ. ಮೊದಲು ಕೋಲು ಹೋಯಿತು, ಅದರ ಹಿಂದೆ ಟೋಪಿ, ಅದರ ಹಿಂದೆ ನಾನು. ಮೂವತ್ತು ಅಡಿ ಕೂತುಕೊಂಡೇ ಜಾರಿದೆ! ಪುಣ್ಯಕ್ಕೆ ಬಂಡೆಯ ಸಂದಿನಲ್ಲಿ ಬೆಳೆದಿದ್ದ ಒಂದು ಮುಳ್ಳಿನ ಪೊದೆ ನನ್ನ ಪ್ಯಾಂಟಿನ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹಗ್ಗ ಸೊಂಟಕ್ಕೆ ಕಟ್ಟಿಯೇ ಇತ್ತು. ಇನ್ನೊಂದು ತುದಿಯನ್ನು ಯಾವುದಕ್ಕಾದರೂ ಕಟ್ಟಬೇಕೆಂದು ಮಾತ್ರ ನನಗೆ ಹೊಳೆದಿರಲಿಲ್ಲ.

"ರೀ! ಇದೀರಾ?" ಮೇಲಿನಿಂದ ಹೆಂಡತಿಯ ಅಳು ಬೆರೆತ ಕೂಗು.

"ಇದೀನಿ. ಅಲ್ಲಾಡೋ ಹಾಗಿಲ್ಲ, ಅಷ್ಟೇ."

ನಕ್ಷೆ ಕೈಯಲ್ಲೇ ಇತ್ತು. ಪೊದೆಯಲ್ಲಿ ನೇತಾಡುವವನಿಗೆ ಬೇರೆ ಏನು ಕೆಲಸ? ಮೂಗಿನ ಹತ್ತಿರ ಹಿಡಿದು ನೋಡಿದೆ. ಕೆಳಗಿನಿಂದ ಬಂದ ದಾರಿಯ ಚುಕ್ಕೆಗಳು ಒರಟು ಒರಟಾಗಿದ್ದವು, ಅಳತೆಯವರ ಹಾಳೆಯಿಂದ ಇದ್ದ ಹಾಗೇ ನಕಲಿಳಿಸಿದ್ದು. ತುದಿಯಿಂದ ಇಳಿದ ಚುಕ್ಕೆಗಳೂ ಹಾಗೇ. ನಡುವೆ ಮಾತ್ರ ಒಂದು ಉಗುರಿನಷ್ಟು ಜಾಗದಲ್ಲಿ ಚುಕ್ಕೆಗಳು ಮುತ್ತು ಪೋಣಿಸಿದ ಹಾಗೆ ಸಮವಾಗಿ, ದುಂಡಗೆ, ಸೊಗಸಾಗಿ ಕೂತಿದ್ದವು. ಎಣಿಸಿದೆ. ಹನ್ನೊಂದು.

ಆ ದುಂಡನೆಯ ಚುಕ್ಕೆ ನನ್ನ ಕೈಯದು! ಹದಿನಾಲ್ಕು ವರ್ಷದ ಹಿಂದಿನ ಒಂದು ಸಂಜೆ ನೆನಪಾಯಿತು. ಅಳತೆಯವರ ಹಾಳೆಯಲ್ಲಿ ಈ ಎರಡು ದಾರಿಗಳು ಕೂಡಿರಲಿಲ್ಲ. ನಡುವೆ ಬರಿ ಬಿಳುಪು. ಯಾಕೆ ಎಂದು ಅವರನ್ನು ಕೇಳಿ ಬರೆಯಬೇಕಿತ್ತು. ಕೇಳಲು ಕೆಳಗಿನ ಮಹಡಿಗೆ ಹೋಗಬೇಕಿತ್ತು. ಕಚೇರಿ ಮುಚ್ಚಲು ಐದು ನಿಮಿಷವಿತ್ತು. ಅಷ್ಟು ಹತ್ತಿರ ಬಂದ ದಾರಿಗಳು ಕೂಡದೇ ಇರುತ್ತವೆಯೇ ಎಂದುಕೊಂಡು ಹನ್ನೊಂದು ಚುಕ್ಕೆ ಇಟ್ಟು, ಪೆನ್ನು ಒರೆಸಿ, ಮನೆಗೆ ಹೋಗಿದ್ದೆ.

ಅಷ್ಟರಲ್ಲಿ ಮೇಕೆಯಾಕೆ ಬಂದಿದ್ದಳು. ಅವಳು ಹೇಳಿದಂತೆ ಹಗ್ಗದ ತುದಿಯನ್ನು ಮೇಲಕ್ಕೆಸೆದೆ. ಮೂರನೇ ಸಲ ಸಿಕ್ಕಿತು. ಇಬ್ಬರು ಹೆಂಗಸರೂ ಸೇರಿ ನನ್ನನ್ನು ಮೂಟೆಯಂತೆ ಎಳೆದುಹಾಕಿದರು. ಪ್ಯಾಂಟಿನ ಒಂದು ಭಾಗ ಪೊದೆಯಲ್ಲೇ ಉಳಿಯಿತು. ಹೆಂಡತಿ ತನ್ನ ಬುತ್ತಿಯ ಚೀಲವನ್ನು ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿದಳು.

"ನಕ್ಷೆ ಹಿಡ್ಕೊಂಡು ಬರೋರೆಲ್ಲ ಇಲ್ಲೇ ಬಂದು ನಿಂತ್ಕೋತಾರೆ ಅಕ್ಕಾ. ಅದಕ್ಕೇ ನಾನು ಭಾನುವಾರ ಭಾನುವಾರ ಮೇಕೆನ ಈ ಕಡೇನೇ ಹೊಡ್ಕೊಂಡು ಬರ್ತೀನಿ. ಕೂಗಿ ಹೇಳಿದ್ರೆ ಕೇಳಲ್ಲ. ನಾಲ್ಕು ವರ್ಷದ ಹಿಂದೆ ಕೆಳಗಿನ ಶಾಲೆ ಮೇಷ್ಟ್ರು ಬಿದ್ದರು. ನಾನು ಅವತ್ತು ಬಂದಿರಲಿಲ್ಲ. ಕಾಲು ಮುರೀತು. ಈಗಲೂ ಕುಂಟ್ತಾರೆ ಪಾಪ" ಎಂದಳು ಆಕೆ.

"ಇದನ್ನ ಬರೆದ ಮಹಾನುಭಾವನ್ನ ಕರ್ಕೊಂಡು ಬಂದು ಇಲ್ಲಿಂದ ನೂಕ್ಬೇಕು!" ಎಂದು ನನ್ನ ಹೆಂಡತಿ ಕಿಡಿಕಾರಿದಳು.

"ನೂಕ್ಬೇಕು. ಖಂಡಿತ ನೂಕ್ಬೇಕು" ಎಂದೆ ನಾನು.

"ನಿಮ್ಮ ಕಚೇರಿಯೋನೇ ಅಲ್ವಾ? ಯಾರ್ರೀ ಅವನು?"

"ಆಗ ಕಂದು ಶಾಯಿಯವರು ಮೂರು ಜನ ಇದ್ವಿ. ಯಾರೋ ಹಳಬರಿರಬೇಕು. ಬಿಟ್ಟು ಹೋದರು."

ಹೀಗೆ ನನ್ನ ಪಾಪವನ್ನು ನಿವೃತ್ತರಾದ ಇಬ್ಬರು ಹಿರಿಯರ ತಲೆಗೆ ಕಟ್ಟಿ ನಾನು ಬೆಟ್ಟ ಇಳಿದೆ. ಮೇಕೆಯಾಕೆ ಕೆಳಗಿನ ತಿರುವಿನವರೆಗೂ ಬಂದು ಬಿಟ್ಟುಹೋದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಗುಟ್ಟಾಗಿ ನಾಚಿಕೊಂಡು ಸುಮ್ಮನಾಗಿಬಿಡುತ್ತಿದ್ದೆ. ಆದರೆ ಸೋಮವಾರ ಬಂತು.

"ಏನಯ್ಯ ಕಂದು, ಮುಖವೆಲ್ಲ ಗೀರು! ತುದಿ ಮುಟ್ಟಿದೆಯೋ ಇಲ್ಲವೋ?" ಎಂದ ನೀಲಿ.

ಇಲ್ಲ ಎನ್ನಲು ಎರಡೇ ಅಕ್ಷರ. ಬಾಯಿಗೆ ಬಂದದ್ದು ಮೂರು: "ಮುಟ್ಟಿದೆ!"

"ಯಾವ ದಾರೀಲಿ?"

"ಯಾವ ದಾರಿ ಅಂದ್ರೆ? ನಮ್ಮ ನಕ್ಷೆಯ ದಾರಿ!"

ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ತಿರುಗಿದರೆ ಭೂತಗನ್ನಡಿ! ಇಪ್ಪತ್ತೆರಡು ವರ್ಷದಲ್ಲಿ ಅವರು ಚಪ್ಪಾಳೆ ತಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. "ಭೇಷ್! ನಾವು ಬರೆದ ದಾರೀಲಿ ನಮ್ಮವನೇ ನಡೆದು ಬಂದಿದ್ದಾನೆ. ಬರೋ ಭಾನುವಾರ ಇಡೀ ಕಚೇರಿ ಹೋಗೋಣ, ಮನೆಯವರೂ ಮಕ್ಕಳೂ ಎಲ್ಲರೂ. ಅದೇ ದಾರಿ. ಮುಂದಾಳು ನೀನೇ!" ಎಂದರು.

ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲೆ ಪಟ್ಟಿ ಬಿತ್ತು. ಮಂಗಳವಾರ ಹತ್ತೊಂಬತ್ತು ಜನ. ಬುಧವಾರ ಇಪ್ಪತ್ತಾರು. ಗುರುವಾರ ಮೂವತ್ತೊಂದು, ಅದರಲ್ಲಿ ಹಸಿರಿನ ಏಳು ವರ್ಷದ ಮಗಳು ಒಬ್ಬಳು. ನಾನು ಮೋಡದ ಮಾತಾಡಿ ನೋಡಿದೆ, ಕವಲಿನ ಗೊಂದಲದ ಮಾತಾಡಿ ನೋಡಿದೆ, ಮಂಡಿನೋವಿನ ಮಾತಾಡಿ ನೋಡಿದೆ. "ಮಂಡಿ ನೋವಿದ್ರೂ ಪರವಾಗಿಲ್ಲ, ನೀನು ಕವಲಿನ ಹತ್ರ ನಿಂತು ದಾರಿ ತೋರಿಸು ಸಾಕು" ಎಂದರು ಭೂತಗನ್ನಡಿ. ಕವಲಿನ ಹತ್ತಿರ!

ಶುಕ್ರವಾರ ಸಂಜೆ ಮನೆಗೆ ಬಂದರೆ ಹೆಂಡತಿ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದಳು. ನನ್ನ ಅಂಗಿಯನ್ನು ಅವಳು ಒತ್ತುತ್ತಿದ್ದ ರೀತಿ ನೋಡಿಯೇ ಸಂಗತಿ ಸರಿಯಿಲ್ಲವೆಂದು ತಿಳಿಯಿತು.

"ನಿಮ್ಮ ಹಸಿರು ಫೋನ್ ಮಾಡಿದ್ದಳು. ಮಗಳಿಗೆ ಯಾವ ಥರ ಬೂಟು ತರಲಿ ಅಂತ ಕೇಳಿದಳು. ತುದಿ ಮೇಲೆ ಗಾಳಿ ಜಾಸ್ತಿ ಇತ್ತಾ ಅಂತಲೂ ಕೇಳಿದಳು. ನಾವು ತುದಿ ಮುಟ್ಟಿದ್ವಂತೆ! ನಾನು ಯಾವಾಗ ಮುಟ್ಟಿದೆ?"

"ಅದು... ಬಾಯಿ ತಪ್ಪಿ..."

"ಆ ಮಗೂನ ಆ ಬಂಡೆ ಹತ್ರ ಕರ್ಕೊಂಡು ಹೋಗ್ತೀರಾ? ಸುಳ್ಳು ಹೇಳಿದೆ ಅಂತ ಒಪ್ಕೊಳ್ಳೋಕೆ ಅಷ್ಟೊಂದು ಕಷ್ಟಾನಾ? ತಪ್ಪು ನಕ್ಷೆದು, ನಿಮ್ಮದೇನು?"

ನಾನು ಕುರ್ಚಿಯ ಮೇಲೆ ಕುಸಿದೆ. "ನಕ್ಷೆಯ ತಪ್ಪೇ ನಂದು ಕಣೇ. ಆ ಹನ್ನೊಂದು ಚುಕ್ಕೆ ನಾನೇ ಇಟ್ಟಿದ್ದು. ಹೊತ್ತಾಯ್ತು ಅಂತ ಇಟ್ಟುಬಿಟ್ಟೆ."

ನನ್ನ ಹೆಂಡತಿಗೆ ಬೈಯಲು ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಹಾಲು ಉಕ್ಕಿಸಿದ್ದಕ್ಕೆ ಅರ್ಧ ದಿನ ಬೈದ ದಾಖಲೆ ಅವಳದು! ನಾನು ತಲೆ ತಗ್ಗಿಸಿ ಕಾದೆ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ವೈರನ್ನು ಗೋಡೆಯಿಂದ ಕಿತ್ತಳು.

"ಹಾಗಾದ್ರೆ ಆ ಮೇಷ್ಟ್ರ ಕಾಲು..." ಎಂದಳು. ಅಲ್ಲಿಗೇ ನಿಲ್ಲಿಸಿದಳು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳ ಮುಂದೆ ನನಗೆ ಅಷ್ಟು ನಾಚಿಕೆಯಾದದ್ದಿಲ್ಲ.

ಶನಿವಾರ ಬೆಳಿಗ್ಗೆ ಮೂಲ ಹಾಳೆಯನ್ನು ಭೂತಗನ್ನಡಿಯವರ ಮೇಜಿನ ಮೇಲೆ ಹರಡಿ, ಕೋಣೆಯಲ್ಲಿದ್ದ ಎಲ್ಲರನ್ನೂ ಕರೆದು, ಎಲ್ಲವನ್ನೂ ಹೇಳಿದೆ. ಚುಕ್ಕೆ, ಬಂಡೆ, ಪೊದೆ, ಪ್ಯಾಂಟು, ಮೇಷ್ಟ್ರ ಕಾಲು, ಒಂದನ್ನೂ ಬಿಡಲಿಲ್ಲ. ಕೊನೆಗೆ "ತುದಿ ಮುಟ್ಟಲಿಲ್ಲ" ಎಂದೆ. ನೀಲಿ ಆಡಿಕೊಳ್ಳುತ್ತಾನೆಂದು ಕಾದೆ. ಅವನು ಗಂಟಲು ಸರಿಮಾಡಿಕೊಂಡ.

"ಸಾರ್... ನಲವತ್ತೇಳನೇ ಹಾಳೇಲಿ ಒಂದು ಸಣ್ಣ ಕೆರೆ ಇದೆಯಲ್ಲ. ಅದು ಕೆರೆ ಅಲ್ಲ ಸಾರ್. ಪೆನ್ನು ಸೋರಿತ್ತು. ಹಾಳೆ ಮತ್ತೆ ಬರೀಬೇಕಾಗುತ್ತೆ ಅಂತ ಸುತ್ತ ದಡ ಎಳೆದುಬಿಟ್ಟೆ."

"ಅಯ್ಯೋ! ಆ ಕೆರೆ ಸುತ್ತ ನಾನು ಕಾಡು ಹಾಕಿದೀನಲ್ಲಾ!" ಎಂದಳು ಹಸಿರು. "ಅಳತೆಯವರ ಹಾಳೇಲಿ ಮರಾನೇ ಇರಲಿಲ್ಲ. ಕೆರೆ ಅಂತ ಇದ್ಮೇಲೆ ನಾಲ್ಕು ಮರ ಇರಲ್ವಾ ಅಂತ..."

ಎಲ್ಲರೂ ಭೂತಗನ್ನಡಿಯವರ ಕಡೆ ನೋಡಿದೆವು. ಅವರು ಗಾಜನ್ನು ಕೆಳಗಿಟ್ಟು, ಕಣ್ಣು ಮುಚ್ಚಿಕೊಂಡರು.

"ಆ ಕಾಡಿಗೆ ಹೆಸರು ಇರಲಿಲ್ಲ" ಎಂದರು ನಿಧಾನವಾಗಿ. "ಹೆಸರಿಲ್ಲದ ಕಾಡು ಚೆನ್ನಾಗಿ ಕಾಣಲ್ಲ ಅಂತ ನಮ್ಮ ಅತ್ತೆ ಹೆಸರು ಕೊಟ್ಟಿದೀನಿ."

ಮೊದಲು ಯಾರು ನಕ್ಕರೋ ತಿಳಿಯದು, ಆಮೇಲೆ ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡಿತು. ನಾನೂ ನಕ್ಕೆ. ಆದರೆ ನಗು ಅರ್ಧಕ್ಕೇ ನಿಂತಿತು. ನೀಲಿಯ ಕೆರೆಯಲ್ಲಿ ಯಾರೂ ಮುಳುಗಿರಲಿಲ್ಲ. ಅತ್ತೆಯ ಕಾಡಿನಲ್ಲಿ ಯಾರೂ ದಾರಿ ತಪ್ಪಿರಲಿಲ್ಲ. ಕುಂಟುವ ಮನುಷ್ಯ ಇದ್ದದ್ದು ನನ್ನ ಲೆಕ್ಕಕ್ಕೆ ಮಾತ್ರ. ಭೂತಗನ್ನಡಿ ಗೋಡೆಯ ಪಟ್ಟಿಯನ್ನು ತಾವೇ ಹರಿದುಹಾಕಿದರು. ಹಾಳೆಯನ್ನು ತಿದ್ದಲು, ತಿದ್ದುವ ಮೊದಲು ಅಳತೆಯವರ ಜೊತೆ ಹೋಗಿ ನಡೆದು ನೋಡಲು ನನಗೆ ಅಪ್ಪಣೆಯಾಯಿತು.

ಸೋಮವಾರ ರಜೆ ಹಾಕಿ, ಹೆಂಡತಿಯನ್ನೂ ಕರೆದುಕೊಂಡು ಬೆಟ್ಟದ ಕೆಳಗಿನ ಶಾಲೆಗೆ ಹೋದೆ. ಕರೆದುಕೊಂಡು ಹೋದೆ ಎನ್ನುವುದು ಮರ್ಯಾದೆಯ ಮಾತು. ಅವಳೇ ರಟ್ಟೆ ಹಿಡಿದು ನಡೆಸಿಕೊಂಡು ಹೋದಳು. ಮೇಷ್ಟ್ರು ಪಾಠ ಮಾಡುತ್ತಿದ್ದರು. ನಕ್ಷೆ ಕಚೇರಿಯಿಂದ ಬಂದವನು ಎಂದು ಕೇಳಿದ್ದೇ ತಡ, ಕುಂಟುತ್ತಾ ಬಾಗಿಲಿಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಬನ್ನಿ ಬನ್ನಿ! ಮಕ್ಕಳೇ, ಎದ್ದು ನಿಲ್ಲಿ! ನಮಗೆ ಕಾಗದ ಬರೆದ ಕಚೇರಿಯವರು ಇವರು!"

"ಕಾಗದವಾ?" ಎಂದೆ.

ಅವರು ಗೋಡೆಯ ಕಡೆ ಕೈ ತೋರಿಸಿದರು. ಕರಿಹಲಗೆಯ ಪಕ್ಕದಲ್ಲಿ, ಗಾಜು ಹಾಕಿದ ಚೌಕಟ್ಟಿನೊಳಗೆ ನಮ್ಮ ಕಚೇರಿಯ ಮುದ್ರೆ ಇದ್ದ ಒಂದು ಪತ್ರ. ಬಿದ್ದ ಮೇಲೆ ಅವರು, ಆ ದಾರಿ ನಿಜವಾಗಿ ಇದೆಯೇ ಎಂದು ನಮ್ಮ ಕಚೇರಿಯನ್ನು ಕೇಳಿ ಬರೆದಿದ್ದರಂತೆ. ಅಂಥ ಪತ್ರಗಳು ನಮಗೆ ಬರುತ್ತಲೇ ಇರುತ್ತವೆ. ಅಕ್ಷರ ಚೆನ್ನಾಗಿದೆಯೆಂದು ಉತ್ತರ ಬರೆಯುವ ಕೆಲಸವೂ ನನ್ನದೇ. ಮೂಲ ಹಾಳೆ ತೆಗೆದು ನೋಡದೆ, ಎಲ್ಲರಿಗೂ ಒಂದೇ ಉತ್ತರ ಬರೆದು ಕಳಿಸುತ್ತಿದ್ದೆ. ಗಾಜಿನ ಹಿಂದಿನಿಂದ ಅದೇ ಉತ್ತರ ನನ್ನನ್ನು ನೋಡುತ್ತಿತ್ತು: 'ನಕ್ಷೆಯು ಸರಿಯಾಗಿರುತ್ತದೆ. ನಕ್ಷೆ ಓದುವ ಕ್ರಮವನ್ನು ತಾವು ಕಲಿಯತಕ್ಕದ್ದು.'

"ನಾನೇ ತಪ್ಪಾಗಿ ಓದಿದೆ ನೋಡಿ" ಎಂದರು ಮೇಷ್ಟ್ರು, ನಗುತ್ತಾ. "ನಾಲ್ಕು ವರ್ಷದಿಂದ ಪ್ರತಿ ತರಗತಿಗೂ ಇದನ್ನೇ ತೋರಿಸ್ತೀನಿ. ಸರಿಯಾಗಿ ಓದದೆ ಇದ್ದರೆ ನಿಮ್ಮ ಮೇಷ್ಟ್ರ ಕಾಲಿನ ಹಾಗಾಗುತ್ತೆ ಅಂತೀನಿ. ಅಕ್ಷರ ಎಷ್ಟು ಚೆನ್ನಾಗಿದೆ ನೋಡಿ! ಕಾಪಿ ಬರೆಯೋಕೂ ಇದನ್ನೇ ಕೊಡ್ತೀನಿ."

ಸಾಲು ಸಾಲು ಬೆಂಚುಗಳ ಮೇಲೆ ತೆರೆದ ಪುಸ್ತಕಗಳಲ್ಲಿ ನನ್ನ ಸುಳ್ಳು ನೂರಾರು ಸಲ, ದುಂಡಗೆ, ಅಂದವಾಗಿ ಬರೆದಿತ್ತು. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಹೆಂಡತಿ ಹಿಂದಿನಿಂದ ಮೆಲ್ಲಗೆ ಬೆನ್ನಿಗೆ ತಿವಿದಳು.

ಹೇಳಿದೆ. ಮೇಷ್ಟ್ರಿಗೆ ಹೇಳಿದೆ, ಮಕ್ಕಳಿಗೂ ಹೇಳಿದೆ. ಆ ಚುಕ್ಕೆ ನನ್ನದು, ಈ ಪತ್ರವೂ ನನ್ನದು, ಎರಡನ್ನೂ ನೋಡದೆ ಬರೆದೆ, ನಿಮ್ಮ ಮೇಷ್ಟ್ರು ಸರಿಯಾಗಿಯೇ ಓದಿದ್ದರು ಎಂದೆ. ಮೇಷ್ಟ್ರು ತಮ್ಮ ಕಾಲನ್ನೇ ನೋಡುತ್ತಾ ನಿಂತರು. ಆಮೇಲೆ ಕುರ್ಚಿಗೆ ಕೈಯೂರಿ ಮೆಲ್ಲಗೆ ಕೂತರು.

"ನಾಲ್ಕು ವರ್ಷ ನನ್ನನ್ನೇ ದಡ್ಡ ಅಂದ್ಕೊಂಡಿದ್ದೆ ಸ್ವಾಮಿ" ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಹಿಡಿದುಕೊಳ್ಳಲು ನನಗೆ ಏನಾದರೂ ಸಿಗುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವರು ಮೇಜಿನ ಮೇಲಿದ್ದ ಸೀಮೆಸುಣ್ಣವನ್ನು ನನ್ನ ಕಡೆ ಚಾಚಿದರು. "ಅಷ್ಟು ಚೆನ್ನಾಗಿ ಬರೀತೀರಿ. ಈಗ ಹೇಳಿದ್ದನ್ನ ಹಲಗೆ ಮೇಲೆ ಬರೀರಿ. ಮಕ್ಕಳು ಕಾಪಿ ಮಾಡ್ಕೊಳ್ಳಲಿ."

ಬರೆದೆ: 'ನಕ್ಷೆ ತಪ್ಪು. ಮೇಷ್ಟ್ರು ಸರಿ.' ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಿಂದ ಅಷ್ಟು ಸೊಟ್ಟ ಅಕ್ಷರ ಬಂದದ್ದಿಲ್ಲ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪೆನ್ಸಿಲ್ ಎತ್ತಿದಳು, ಬರೆಯಲಿಲ್ಲ. ಚೌಕಟ್ಟಿನ ಪತ್ರವನ್ನೊಮ್ಮೆ, ಹಲಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಸಾರ್, ಇದನ್ನ ನೋಡಿ ಬರೆದಿರಾ, ಇಲ್ಲಾ ಇದನ್ನೂ ಹಾಗೇ ಬರೆದಿರಾ?"

"ಇದು ಬಿದ್ದು ನೋಡಿ ಬರೆದದ್ದು ಕಣಮ್ಮ" ಎಂದೆ.